ಬಿಜೆಜೆ ಶುರು ಮಾಡುವವರಿಗೆ: ಮೊದಲ ಆರು ತಿಂಗಳ ಅಭ್ಯಾಸ ಹೇಗಿರಬೇಕು?

ಬ್ರೆಜಿಲಿಯನ್ ಜಿಯು-ಜಿತ್ಸು, ಚಿಕ್ಕದಾಗಿ ಬಿಜೆಜೆ, ಅಂದರೆ ಹೊಡೆತವಿಲ್ಲದೆ ನೆಲದ ಮೇಲೆ ಹಿಡಿದು ಎದುರಾಳಿಯನ್ನು ಸೋಲೊಪ್ಪಿಸುವ ವಿದ್ಯೆ. ಇದನ್ನು ಕಲಿಯಲು ಬರುವ ಹೆಚ್ಚಿನವರು ಮೊದಲು ಕೇಳುವುದು, "ಯಾವ ಪಟ್ಟು ಮೊದಲು ಕಲಿಯಲಿ?" ಎಂದು. ಮೊಣಕೈ ಚಾಚಿ ಬಗ್ಗಿಸುವ ಆರ್ಮ್‌ಬಾರ್, ಕಾಲುಗಳಿಂದ ಕುತ್ತಿಗೆ ಹಿಸುಕುವ ಟ್ರಯಾಂಗಲ್, ಹಿಮ್ಮಡಿ ತಿರುಚುವ ಹೀಲ್ ಹುಕ್ ಎಲ್ಲದರ ಹೆಸರೂ ವಿಡಿಯೊ ನೋಡಿ ಗೊತ್ತಿರುತ್ತದೆ. ನನ್ನ ಉತ್ತರ ಬೇರೆ. ನಿಮಗಿಂತ ಭಾರದವರು ನಿಮ್ಮ ಎದೆ ಮೇಲೆ ಕೂತಾಗ ಗಾಬರಿಯಾಗದೆ ಉಸಿರಾಡುವುದನ್ನು ಮೊದಲು ಕಲಿಯಿರಿ. ಆಮೇಲೆ ಅಲ್ಲಿಂದ ಹೊರಗೆ ಬರುವುದನ್ನು ಕಲಿಯಿರಿ. ಮೊದಲ ಆರು ತಿಂಗಳಲ್ಲಿ ಇಷ್ಟು ಬಂದರೆ ಉಳಿದ ಪಟ್ಟುಗಳು ತಾವಾಗಿ ಹಿಂದೆ ಬರುತ್ತವೆ. ಕೆಳಗೆ ಸಿಕ್ಕಿಕೊಳ್ಳುವ ಭಯ ಇದ್ದವರು ಹೊಸದೇನನ್ನೂ ಪ್ರಯತ್ನಿಸುವುದಿಲ್ಲ. ಗಟ್ಟಿಯಾಗಿ ಹಿಡಿದುಕೊಂಡು ಸುಮ್ನೆ ಶಕ್ತಿ ಖರ್ಚು ಮಾಡುತ್ತಾರೆ, ಅಷ್ಟೇ.

ಈ ವಿದ್ಯೆ ಬೆಳೆದು ಬಂದ ದಾರಿ ನೋಡಿದರೂ ಇದು ಅರ್ಥವಾಗುತ್ತದೆ. ಜಪಾನಿನ ಜೂಡೋ ಪಟು ಮಿತ್ಸುಯೊ ಮಯೆದಾ 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅವರ ವಿದ್ಯೆ ಕಾರ್ಲೋಸ್ ಗ್ರೇಸಿ ಮತ್ತು ಅವರ ತಮ್ಮಂದಿರ ಕೈಗೆ ಬಂತು. ಆ ಮನೆಯವರು ನೆಲದ ಮೇಲಿನ ಹೋರಾಟವನ್ನೇ ಹಿಡಿದು ಬೆಳೆಸಿದರು. ತಮ್ಮ ಹೆಲಿಯೊ ಗ್ರೇಸಿ ಸಣ್ಣ ಮೈಕಟ್ಟಿನವರು. ದೊಡ್ಡವರ ಕೆಳಗೆ ಇದ್ದುಕೊಂಡೇ ಹೋರಾಡುವುದು ಅವರ ಆಟದ ಜೀವಾಳವಾಯಿತು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ, ಬೇರೆ ಬೇರೆ ಶೈಲಿಯ ಹೋರಾಟಗಾರರು ಎದುರುಬದುರಾದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ಹೆಲಿಯೊ ಅವರ ಮಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಜಗತ್ತಿನ ಕಣ್ಣು ಈ ವಿದ್ಯೆಯ ಮೇಲೆ ಬಿದ್ದದ್ದು ಆಗ.

ನಮ್ಮ ಗರಡಿ ಮನೆಯ ಕುಸ್ತಿ ನೋಡಿ ಬೆಳೆದವರಿಗೆ ಒಂದು ವಿಷಯ ವಿಚಿತ್ರ ಅನ್ನಿಸುತ್ತದೆ. ಮೈಸೂರು ದಸರಾ ಕುಸ್ತಿಯಲ್ಲಿ ಪೈಲ್ವಾನ ಚಿತ್ ಆದರೆ ಆಟ ಮುಗಿಯಿತು. ಬಿಜೆಜೆಯಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೂ ಆಟ ನಡೆಯುತ್ತದೆ. ಕುಸ್ತಿ ಆಡಿದವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ: ಬ್ಯಾಲೆನ್ಸ್, ಕತ್ತಿನ ಬಲ, ಎದುರಾಳಿಯನ್ನು ಕೆಡವುವ ಕಲೆ. ಆದರೆ ಚಿತ್ ಆಗಬಾರದು ಎಂದು ಹೊಟ್ಟೆ ಮೇಲೆ ತಿರುಗುವ ಅಭ್ಯಾಸ ಬಿಡಬೇಕು. ಹಾಗೆ ತಿರುಗಿದರೆ ಬೆನ್ನು ಕೊಟ್ಟಂತೆ. ಬೆನ್ನು ಸಿಕ್ಕರೆ ಕುತ್ತಿಗೆಯೂ ಸಿಕ್ಕಿತು.

ಕ್ಲಾಸ್ ಆರಿಸುವುದು

ಫೀ ಕಟ್ಟುವ ಮೊದಲು ಒಂದು ಕ್ಲಾಸ್ ಪೂರ್ತಿ ಕೂತು ನೋಡಿ. ಕೋಚ್‌ಗೆ ಬೆಲ್ಟ್ ಕೊಟ್ಟವರು ಯಾರು ಎಂದು ಕೇಳಿ. ಈ ಕ್ರೀಡೆಯಲ್ಲಿ ಅದು ಸಹಜವಾದ ಪ್ರಶ್ನೆ, ನೇರವಾಗಿ ಉತ್ತರ ಸಿಗಬೇಕು. ಉತ್ತರ ಸುತ್ತಿಬಳಸಿ ಬಂದರೆ ಬೇರೆ ಕಡೆ ನೋಡಿ. ಎಲ್ಲ ಊರಲ್ಲೂ ಬ್ಲ್ಯಾಕ್ ಬೆಲ್ಟ್ ಇರುವುದಿಲ್ಲ. ಅದಕ್ಕಿಂತ ಕೆಳಗಿನ ಹಂತದ ಒಳ್ಳೆಯ ಪರ್ಪಲ್ ಅಥವಾ ಬ್ಲೂ ಬೆಲ್ಟ್ ಕೋಚ್ ಹತ್ತಿರ ಶುರು ಮಾಡಿದರೂ ನಷ್ಟವಿಲ್ಲ.

ಕೋಚ್‌ಗಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಹಳೆಯ ವಿದ್ಯಾರ್ಥಿಗಳನ್ನು. ಹೊಸಬರ ಜೊತೆ ಅವರು ಹೇಗೆ ರೋಲ್ ಮಾಡುತ್ತಾರೆ? ರೋಲ್ ಅಂದರೆ ಇಲ್ಲಿ ಸ್ಪಾರಿಂಗ್. ಟ್ಯಾಪ್ ಆದ ಕ್ಷಣ, ಅಂದರೆ ಎದುರಿನವರು ತಟ್ಟಿ ಸೋಲೊಪ್ಪಿದ ಕ್ಷಣ, ಬಿಡುತ್ತಾರಾ? ತಾವೂ ಟ್ಯಾಪ್ ಮಾಡುತ್ತಾರಾ? ಮೈ ಭಾರದಲ್ಲಿ ಎರಡು ಪಟ್ಟು ವ್ಯತ್ಯಾಸ ಇರುವವರನ್ನು ಜೋಡಿ ಹಾಕಿದಾಗ ಕೋಚ್ ಕಣ್ಣಿಟ್ಟಿರುತ್ತಾರಾ? ಮ್ಯಾಟ್ ಎಷ್ಟು ದಪ್ಪ ಇದೆ, ಕ್ಲಾಸ್ ಆದ ಮೇಲೆ ಒರೆಸುತ್ತಾರಾ ನೋಡಿ. ಹೆಣ್ಣುಮಕ್ಕಳು ಸೇರುವುದಾದರೆ, ಬೇಡ ಅನ್ನಿಸಿದ ಪಾರ್ಟ್‌ನರ್‌ಗೆ ಕಾರಣ ಕೊಡದೆ ಬೇಡ ಅನ್ನಬಹುದಾ ಎಂದು ಮೊದಲೇ ಕೇಳಿ. ಒಳ್ಳೆಯ ಕಡೆ ಇದಕ್ಕೆ "ಹೌದು" ಎಂಬ ಉತ್ತರ ತಕ್ಷಣ ಬರುತ್ತದೆ.

ಬಟ್ಟೆ ಬಗ್ಗೆ ಜಾಸ್ತಿ ಯೋಚಿಸಬೇಡಿ. ಮೊದಲ ವಾರ ಮೈಗೆ ಅಂಟುವ ಟೀ ಶರ್ಟು, ಜೇಬು ಮತ್ತು ಜಿಪ್ ಇಲ್ಲದ ಶಾರ್ಟ್ಸ್ ಸಾಕು. ಜೇಬಿದ್ದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಗಿ ಅಂದರೆ ಜೂಡೋ ಸಮವಸ್ತ್ರದಂಥ ದಪ್ಪ ಹತ್ತಿಯ ಕೋಟು ಮತ್ತು ಪ್ಯಾಂಟು. ಮುಂದುವರಿಯುತ್ತೇನೆ ಅನ್ನುವುದು ಖಚಿತವಾದ ಮೇಲೆ ಕೊಳ್ಳಿ. ಬಿಸಿ ನೀರಲ್ಲಿ ಒಗೆದರೆ ಅದು ಕುಗ್ಗುತ್ತದೆ, ನೆನಪಿರಲಿ.

ಟ್ಯಾಪ್: ಎಲ್ಲಕ್ಕಿಂತ ಮೊದಲ ಪಾಠ

ಟ್ಯಾಪ್ ಮಾಡುವುದು ಅಂದರೆ ಎದುರಾಳಿಯ ಮೈಯನ್ನು ಕೈಯಿಂದ ಎರಡು ಮೂರು ಸಲ ಸ್ಪಷ್ಟವಾಗಿ ತಟ್ಟಿ "ಸಾಕು" ಎಂದು ತಿಳಿಸುವುದು. ಕೈ ಸಿಕ್ಕಿಕೊಂಡಿದ್ದರೆ ಕಾಲಿನಿಂದ ಮ್ಯಾಟ್ ತಟ್ಟಿ, ಅಥವಾ ಬಾಯಿಬಿಟ್ಟು "ಟ್ಯಾಪ್" ಅನ್ನಿ. ಎರಡೂ ಒಟ್ಟಿಗೆ ಮಾಡಿದರೆ ಇನ್ನೂ ಒಳ್ಳೆಯದು. ಎದುರಾಳಿ ನೋವಿನಿಂದ ಕೂಗಿದರೂ ಅದನ್ನು ಟ್ಯಾಪ್ ಅಂತಲೇ ತಿಳಿದು ಬಿಡಬೇಕು. ಪಂದ್ಯಗಳಲ್ಲೂ ಇದೇ ನಿಯಮ.

ಯಾವಾಗ ತಟ್ಟಬೇಕು ಎನ್ನುವುದು ಹಿಡಿತದ ಮೇಲೆ ನಿಂತಿದೆ. ಕುತ್ತಿಗೆಯ ಪಟ್ಟುಗಳು ಹೆಚ್ಚಾಗಿ ಗಂಟಲನ್ನಲ್ಲ, ಅದರ ಎರಡು ಪಕ್ಕದ ರಕ್ತನಾಳಗಳನ್ನು ಒತ್ತುತ್ತವೆ. ನೋವು ಅಷ್ಟಾಗಿ ಇರದೇ ಇರಬಹುದು. ಆದರೆ ಹಿಡಿತ ಸರಿಯಾಗಿ ಕೂತರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಹಾಗಾಗಿ ಕಿವಿ ಗುಂಯ್ ಅಂದರೆ, ಕಣ್ಣು ಮಂಜಾದರೆ ಕಾಯಬೇಡಿ. ಮೊಣಕೈ ಮತ್ತು ಭುಜದ ಪಟ್ಟುಗಳಲ್ಲಿ ಕೀಲು ಪೂರ್ತಿ ಚಾಚಿಕೊಳ್ಳುವ ಮೊದಲೇ ತಟ್ಟಿ. ನೋವು ಬಂದ ಮೇಲೆ ತಟ್ಟಿದರೆ ತಡವಾಯಿತು. ಹೀಲ್ ಹುಕ್ ಎಲ್ಲಕ್ಕಿಂತ ಅಪಾಯಕಾರಿ. ಹಿಮ್ಮಡಿ ತಿರುಚಿದಾಗ ಪೆಟ್ಟು ಬೀಳುವುದು ಮಂಡಿಗೆ, ಮತ್ತು ನೋವು ಗೊತ್ತಾಗುವಷ್ಟರಲ್ಲಿ ಮಂಡಿಯ ಲಿಗಮೆಂಟ್ ಹರಿದಿರಬಹುದು. ಮೊದಲ ವರ್ಷ ಅದನ್ನು ಹಾಕಲೂ ಬೇಡಿ, ಹಾಕಿಸಿಕೊಳ್ಳಲೂ ಬೇಡಿ. ಯಾರಾದರೂ ನಿಮ್ಮ ಪಾದವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಮ್ಮಡಿ ಹಿಡಿದರೆ ತಿರುಚುವ ಮೊದಲೇ ತಟ್ಟಿಬಿಡಿ.

ಟ್ಯಾಪ್ ಮಾಡಿದರೆ ಮರ್ಯಾದೆ ಹೋಯಿತು ಅನ್ನುವ ಭಾವನೆ, ಅದರಲ್ಲೂ ಗಂಡಸರಲ್ಲಿ, ತುಂಬ ಇದೆ. ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ. ಒಂದು ಸಂಜೆಯ ಹಟಕ್ಕೆ ಭುಜ ಹಾಳು ಮಾಡಿಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೂತವರನ್ನು ನೋಡಿದ್ದೇನೆ. 1951ರಲ್ಲಿ ರಿಯೊದ ಮರಕಾನ ಕ್ರೀಡಾಂಗಣದಲ್ಲಿ ಜಪಾನಿನ ಮಸಾಹಿಕೊ ಕಿಮುರಾ ಹೆಲಿಯೊ ಗ್ರೇಸಿಯ ತೋಳು ತಿರುಚಿದಾಗ ಹೆಲಿಯೊ ತಟ್ಟಲಿಲ್ಲ, ಅವರ ಕಡೆಯವರೇ ಪಂದ್ಯ ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಇವತ್ತಿಗೂ ಕಿಮುರಾ ಅಂತಲೇ ಹೆಸರು. ಅದು ಸಾವಿರಾರು ಜನರ ಮುಂದೆ ನಡೆದ ಪಂದ್ಯ. ನಿಮ್ಮದು ಮಂಗಳವಾರದ ಕ್ಲಾಸ್. ತಟ್ಟಿ, ಕೈಕುಲುಕಿ, ಮತ್ತೆ ಶುರು ಮಾಡಿ.

ಜೊತೆಯವರು ಯಾರಾದರೂ ಪ್ರಜ್ಞೆ ತಪ್ಪಿದರೆ ತಕ್ಷಣ ಹಿಡಿತ ಬಿಡಿ, ಮಲಗಿಸಿ, ಕೋಚ್‌ನ್ನು ಕರೆಯಿರಿ. ಸಾಮಾನ್ಯವಾಗಿ ಕೆಲವು ಸೆಕೆಂಡುಗಳಲ್ಲಿ ಎಚ್ಚರ ಬರುತ್ತದೆ. ಬರದಿದ್ದರೆ ಆಸ್ಪತ್ರೆಗೆ. ಎಚ್ಚರವಾದವರು ಆ ದಿನ ಮತ್ತೆ ರೋಲ್ ಮಾಡಬಾರದು.

ಯಾರು ಎಲ್ಲಿದ್ದಾರೆ ಎಂದು ಗುರುತಿಸುವುದು

ಮೊದಲ ತಿಂಗಳು ಮ್ಯಾಟ್ ಮೇಲೆ ಬರೀ ಕೈಕಾಲುಗಳ ಗೋಜಲು ಕಾಣುತ್ತದೆ. ಪಂದ್ಯದ ಅಂಕಗಳನ್ನು ತಿಳಿದುಕೊಂಡರೆ ಅದು ಬೇಗ ಬಿಡಿಸಿಕೊಳ್ಳುತ್ತದೆ. ಅಂತಾರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್ ನಿಯಮದಲ್ಲಿ ಎದುರಾಳಿಯನ್ನು ಕೆಡವಿದರೆ 2 ಅಂಕ. ಕೆಳಗಿದ್ದವರು ಕಾಲು ಬಳಸಿ ಉರುಳಿಸಿ ಮೇಲೆ ಬಂದರೆ, ಅಂದರೆ ಸ್ವೀಪ್ ಮಾಡಿದರೆ, 2. ಹೊಟ್ಟೆ ಮೇಲೆ ಮಂಡಿ ಊರಿದರೆ 2. ಎದುರಾಳಿಯ ಕಾಲುಗಳನ್ನು ದಾಟಿ ಪಕ್ಕಕ್ಕೆ ಬಂದರೆ 3. ಎದೆ ಮೇಲೆ ಕೂತರೆ, ಅಂದರೆ ಮೌಂಟ್ ಆದರೆ, 4. ಬೆನ್ನು ಹಿಡಿದು ಎರಡು ಕಾಲನ್ನೂ ಒಳಗೆ ಕೊಕ್ಕೆ ಹಾಕಿದರೆ 4. ಸ್ಥಾನವನ್ನು 3 ಸೆಕೆಂಡು ಹಿಡಿದಿಟ್ಟರೆ ಮಾತ್ರ ಅಂಕ.

ಅಂಕ ಜಾಸ್ತಿ ಇರುವ ಸ್ಥಾನ ಅಂದರೆ ಕೆಳಗಿದ್ದವರಿಗೆ ಅಪಾಯ ಜಾಸ್ತಿ ಇರುವ ಸ್ಥಾನ. ನೀವು ಕೆಳಗಿದ್ದಾಗ ಗುರಿ ಒಂದೇ: ಎದುರಾಳಿಗೂ ನಿಮಗೂ ನಡುವೆ ಮತ್ತೆ ಕಾಲು ತರುವುದು. ಕಾಲು ನಡುವೆ ಇದ್ದರೆ ಅದು ಗಾರ್ಡ್. ಗಾರ್ಡ್‌ನಲ್ಲಿ ಇದ್ದವರು ಕೆಳಗಿದ್ದರೂ ಸೋಲುತ್ತಿಲ್ಲ.

ಮೂರು ಜಾಗದಿಂದ ಹೊರಗೆ ಬರುವುದು

ಎರಡು ಚಲನೆ ಮೈಗೆ ಹತ್ತಬೇಕು. ಬ್ರಿಡ್ಜ್: ಅಂಗಾತ ಮಲಗಿ, ಹಿಮ್ಮಡಿಗಳನ್ನು ಕುಂಡೆಯ ಹತ್ತಿರ ತಂದು, ಸೊಂಟವನ್ನು ಮೇಲೆತ್ತಿ ಒಂದು ಭುಜದ ಮೇಲೆ ಹೊರಳುವುದು. ಶ್ರಿಂಪ್: ಪಕ್ಕಕ್ಕೆ ತಿರುಗಿ, ಒಂದು ಪಾದ ಊರಿ, ಸೊಂಟವನ್ನು ಹಿಂದಕ್ಕೆ ತಳ್ಳುವುದು. ಮನೆಯಲ್ಲಿ ಚಾಪೆ ಹಾಸಿಕೊಂಡು ಇವೆರಡನ್ನೂ ದಿನಾ ಐದು ನಿಮಿಷ ಮಾಡಿ. ಎಷ್ಟೋ ಜನ ವಾರ್ಮಪ್‌ನಲ್ಲಿ ಇವನ್ನು ಕಾಟಾಚಾರಕ್ಕೆ ಮಾಡುತ್ತಾರೆ. ಆಮೇಲೆ ಮೌಂಟ್ ಕೆಳಗೆ ಸಿಕ್ಕಿ ಒದ್ದಾಡುತ್ತಾರೆ.

ಮೌಂಟ್‌ನಿಂದ ಶುರು ಮಾಡೋಣ. ಎದುರಾಳಿ ಎದೆ ಮೇಲೆ ಕೂತಿದ್ದಾರೆ. ಮೊದಲು ಎರಡೂ ಮೊಣಕೈಗಳನ್ನು ಪಕ್ಕೆಲುಬಿಗೆ ಅಂಟಿಸಿ. ಕೈ ನೇರ ಮಾಡಿ ಅವರ ಎದೆಯನ್ನು ಮೇಲಕ್ಕೆ ತಳ್ಳಲು ಹೋಗಬೇಡಿ, ಆ ಕೈಗೆ ಆರ್ಮ್‌ಬಾರ್ ಬೀಳುತ್ತದೆ. ಅವರ ಬಲಗೈ ನಿಮ್ಮ ಎದೆ ಅಥವಾ ಕಾಲರ್ ಮೇಲೆ ಬಂದರೆ ಅದನ್ನು ಎರಡು ಕೈಯಿಂದ ಹಿಡಿದು ಎದೆಗೆ ಒತ್ತಿಕೊಳ್ಳಿ. ನಿಮ್ಮ ಎಡ ಪಾದವನ್ನು ಅವರ ಬಲ ಪಾದದ ಹೊರಗಿನಿಂದ ಹಾಕಿ ಲಾಕ್ ಮಾಡಿ. ಈಗ ಅವರಿಗೆ ಆ ಕಡೆ ಊರಲು ಕೈಯೂ ಇಲ್ಲ, ಕಾಲೂ ಇಲ್ಲ. ಸೊಂಟವನ್ನು ಎತ್ತರಕ್ಕೆ ಎತ್ತಿ, ಎಡ ಭುಜದ ಮೇಲೆ ಹೊರಳಿ. ಸೊಂಟ ಮೊದಲು ಮೇಲೆ, ಹೊರಳುವುದು ಆಮೇಲೆ. ಇದು ತಪ್ಪಿದರೆ ಪಟ್ಟು ಕೂರುವುದಿಲ್ಲ.

ಅವರು ಕೈ ಕೊಡದಿದ್ದರೆ? ಪಕ್ಕಕ್ಕೆ ತಿರುಗಿ. ಕೆಳಗಿನ ಕಾಲನ್ನು ಮ್ಯಾಟ್‌ಗೆ ಅಂಟುವಂತೆ ನೇರ ಚಾಚಿ. ಮೊಣಕೈಯಿಂದ ಅವರ ಮಂಡಿಯನ್ನು ಕೆಳಕ್ಕೆ ತಳ್ಳುತ್ತ ಶ್ರಿಂಪ್ ಮಾಡಿ, ಆ ಸಂದಿಯಲ್ಲಿ ನಿಮ್ಮ ಮಂಡಿ ತೂರಿಸಿ. ಅವರ ಒಂದು ಕಾಲು ನಿಮ್ಮ ಎರಡು ಕಾಲುಗಳ ನಡುವೆ ಸಿಕ್ಕರೆ ಅದು ಹಾಫ್ ಗಾರ್ಡ್. ಅಲ್ಲಿ ಒಮ್ಮೆ ಉಸಿರು ತೆಗೆದುಕೊಳ್ಳಿ. ಇನ್ನೊಂದು ಪಕ್ಕಕ್ಕೆ ಶ್ರಿಂಪ್ ಮಾಡಿ ಎರಡನೇ ಮಂಡಿಯನ್ನೂ ಒಳಗೆ ತನ್ನಿ. ಈ ಎರಡು ದಾರಿಯನ್ನು ಜೋಡಿಯಾಗಿ ಕಲಿಯಬೇಕು. ಬ್ರಿಡ್ಜ್‌ಗೆ ಹೆದರಿ ಅವರು ಭಾರ ಬದಲಿಸಿದಾಗ ಮಂಡಿಗೆ ಜಾಗ ಸಿಗುತ್ತದೆ, ಮಂಡಿ ತಡೆಯಲು ಹೋದಾಗ ಬ್ರಿಡ್ಜ್‌ಗೆ ಜಾಗ ಸಿಗುತ್ತದೆ.

ಸೈಡ್ ಕಂಟ್ರೋಲ್ ಹೊಸಬರು ಅತಿ ಹೆಚ್ಚು ಹೊತ್ತು ಕಳೆಯುವ ಜಾಗ. ಎದುರಾಳಿ ಪಕ್ಕದಿಂದ ಎದೆಗೆ ಎದೆ ಒತ್ತಿ ಮಲಗಿರುತ್ತಾರೆ. ಇಲ್ಲಿ ಎಲ್ಲವೂ ಮುಂಗೈಗಳ ಮೇಲೆ ನಿಂತಿದೆ. ಒಂದು ಮುಂಗೈ ಅವರ ಕುತ್ತಿಗೆಗೆ ಅಡ್ಡ, ಇನ್ನೊಂದು ಅವರ ಸೊಂಟದ ಮೂಳೆಗೆ ಅಡ್ಡ. ಇದನ್ನೇ ಫ್ರೇಮ್ ಅನ್ನುತ್ತಾರೆ. ಫ್ರೇಮ್ ಇರುವುದು ಅವರನ್ನು ಎತ್ತಲು ಅಲ್ಲ. ಬಾಗಿಲು ಮುಚ್ಚದಂತೆ ಕಾಲು ಅಡ್ಡ ಇಟ್ಟ ಹಾಗೆ, ಸಿಕ್ಕ ಸಂದಿ ಮುಚ್ಚಿಹೋಗದಂತೆ ಕಾಯುವುದು ಅದರ ಕೆಲಸ. ಚಲಿಸಬೇಕಾದದ್ದು ನೀವು, ಅವರಲ್ಲ. ಅವರ ಕಡೆಗೆ ಬ್ರಿಡ್ಜ್ ಮಾಡಿ. ಅವರ ಭಾರ ಒಂದು ಕ್ಷಣ ಮೇಲೇಳುತ್ತದೆ. ಸೊಂಟ ಕೆಳಗಿಳಿಯುವಾಗ ನೇರ ಕೆಳಗೆ ಬೀಳಬೇಡಿ, ದೂರಕ್ಕೆ ಶ್ರಿಂಪ್ ಮಾಡಿ. ಅವರಿಗೆ ಹತ್ತಿರ ಇರುವ ಕಾಲಿನ ಮಂಡಿಯನ್ನು ನಡುವೆ ತೂರಿಸಿ. ಒಂದು ಸಲಕ್ಕೆ ಆಗುವುದಿಲ್ಲ. ಎರಡು, ಮೂರು ಸಲ ಮಾಡಬೇಕಾಗುತ್ತದೆ. ಒಂದು ಸಲ ಮಾಡಿ, ಆಗಲಿಲ್ಲ ಅಂತ ಕೈಬಿಡುವವರೇ ಹೆಚ್ಚು.

ಬೆನ್ನು ಸಿಕ್ಕಿಬಿದ್ದರೆ ಮೊದಲು ಕುತ್ತಿಗೆ ಕಾಯಿರಿ, ಬೇರೆಲ್ಲ ಆಮೇಲೆ. ಎದುರಾಳಿಯ ಒಂದು ಕೈ ನಿಮ್ಮ ಭುಜದ ಮೇಲಿನಿಂದ, ಇನ್ನೊಂದು ಕಂಕುಳ ಕೆಳಗಿನಿಂದ ಬಂದಿರುತ್ತದೆ. ಕತ್ತು ಹಿಸುಕುವುದು ಮೇಲಿನಿಂದ ಬಂದ ಕೈ. ಅದನ್ನು ನಿಮ್ಮ ಎರಡೂ ಕೈಯಿಂದ ಹಿಡಿದು ಕೆಳಗೆ ಎಳೆದಿಡಿ, ಗದ್ದ ಒಳಗೆ. ಆಮೇಲೆ ಕಂಕುಳ ಕೈ ಇರುವ ಕಡೆಗೆ ವಾಲಿ, ಸೊಂಟ ಕೆಳಗೆ ಜಾರಿಸುತ್ತ ನಿಮ್ಮ ಬೆನ್ನನ್ನು ಮ್ಯಾಟ್‌ಗೆ ತಾಗಿಸಿ. ಬೆನ್ನು ನೆಲಕ್ಕೆ ತಾಗಿತು ಅಂದರೆ ಅವರಿಗೆ ಅದು ಸಿಗುವುದಿಲ್ಲ. ಕೊನೆಗೆ ಅವರ ಕಾಲಿನ ಕೊಕ್ಕೆ ಬಿಡಿಸಿ, ಅವರ ಕಡೆ ಮುಖ ಮಾಡಿ ತಿರುಗಿ.

ರೋಲ್ ಮಾಡುವುದು ಹೇಗೆ

ಕ್ಲಾಸಿನಲ್ಲಿ ಬಿಡುವಾದಾಗಲೆಲ್ಲ ಜೊತೆಯವರನ್ನು ಕೇಳಿ: "ಸರ್, ಸೈಡ್ ಕಂಟ್ರೋಲ್ ಕೆಳಗಿಂದ ಶುರು ಮಾಡೋಣ್ವಾ? ನಾನು ಹೊರಗೆ ಬಂದರೆ ಮತ್ತೆ ಮೊದಲಿಂದ." ಮೂರು ನಿಮಿಷದ ಇಂಥ ಅಭ್ಯಾಸ ನಿಂತು ಶುರು ಮಾಡುವ ಹತ್ತು ನಿಮಿಷದ ಗುದ್ದಾಟಕ್ಕಿಂತ ಜಾಸ್ತಿ ಕಲಿಸುತ್ತದೆ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ಪೂರ್ತಿ ರೋಲ್ ಮಾಡುವಾಗ ಒಂದೇ ಗುರಿ ಇಟ್ಟುಕೊಳ್ಳಿ. "ಇವತ್ತು ಪ್ರತಿ ಸಲ ಫ್ರೇಮ್ ಹಾಕುತ್ತೇನೆ" ಅನ್ನುವಷ್ಟು ಚಿಕ್ಕದು. ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡಲು ಪ್ರಯತ್ನಿಸಿ. ಅದು ಆಗುತ್ತಿಲ್ಲ ಅಂದರೆ ನೀವು ಬೇಕಾದದ್ದಕ್ಕಿಂತ ಜಾಸ್ತಿ ಬಲ ಹಾಕುತ್ತಿದ್ದೀರಿ. ಹಲ್ಲು ಕಚ್ಚಿದ್ದೀರಾ, ಮುಷ್ಟಿ ಬಿಗಿದಿದ್ದೀರಾ ನೋಡಿಕೊಳ್ಳಿ. ಬೀಳುವಾಗ ಕೈ ಚಾಚಿ ನೆಲಕ್ಕೆ ಊರಬೇಡಿ, ಮಣಿಕಟ್ಟು ಮುರಿಯುವುದು ಹಾಗೆಯೇ. ಗದ್ದ ಎದೆಗೆ ತಂದು, ಬೆನ್ನು ದುಂಡಗೆ ಮಾಡಿ ಕೂತಂತೆ ಬೀಳಿ.

ಜೊತೆಯವರ ಮೈ ನಿಮ್ಮ ಕೈಯಲ್ಲಿದೆ. ಎತ್ತಿ ಕುಕ್ಕಬೇಡಿ, ಹಾರಿ ಮೈಮೇಲೆ ಬೀಳಬೇಡಿ, ಒಂದೊಂದೇ ಬೆರಳು ಹಿಡಿದು ತಿರುಚಬೇಡಿ. ಕೀಲಿನ ಪಟ್ಟು ಸಿಕ್ಕರೆ ಕೊನೆಯ ಭಾಗ ನಿಧಾನ ಮಾಡಿ, ತಟ್ಟಲು ಸಮಯ ಕೊಡಿ. ನಿಮ್ಮನ್ನು ನಂಬಬಹುದು ಅಂತ ಗೊತ್ತಾದರೆ ಹಿರಿಯರು ತಾವಾಗಿ ಕರೆದು ರೋಲ್ ಮಾಡುತ್ತಾರೆ. ಕಲಿಕೆ ಓಡುವುದು ಅವರ ಜೊತೆಯೇ.

ದಾಳಿಗೆ ಮೊದಲ ಆರು ತಿಂಗಳಲ್ಲಿ ಎರಡು ಸಾಕು. ಒಂದು, ಕ್ಲೋಸ್ಡ್ ಗಾರ್ಡ್‌ನಿಂದ, ಅಂದರೆ ಕೆಳಗಿದ್ದು ಎರಡೂ ಕಾಲನ್ನು ಎದುರಾಳಿಯ ಸೊಂಟಕ್ಕೆ ಸುತ್ತಿ ಕಟ್ಟಿಕೊಂಡ ಸ್ಥಾನದಿಂದ, ಹಿಪ್ ಬಂಪ್ ಸ್ವೀಪ್: ಎದುರಾಳಿ ಹಿಂದಕ್ಕೆ ವಾಲಿ ನೆಟ್ಟಗೆ ಕೂತಾಗ, ಕಾಲಿನ ಕಟ್ಟು ಬಿಚ್ಚಿ ಎದ್ದು ಕೂತು, ಒಂದು ಕೈಯನ್ನು ಅವರ ಭುಜದ ಮೇಲಿನಿಂದ ಹಾಯಿಸಿ ಅವರ ತೋಳನ್ನು ಹಿಡಿದು, ಸೊಂಟದಿಂದ ತಳ್ಳಿ ಆ ಕಡೆಗೇ ಉರುಳಿಸುವುದು. ಎರಡು, ಬೆನ್ನಿನಿಂದ ರಿಯರ್ ನೇಕೆಡ್ ಚೋಕ್: ನಿಮ್ಮ ಮೊಣಕೈ ಒಳಭಾಗ ಅವರ ಗದ್ದದ ಕೆಳಗೆ ನೇರ ಬರಬೇಕು, ಆ ಕೈಯ ಅಂಗೈ ನಿಮ್ಮ ಇನ್ನೊಂದು ತೋಳಿನ ಮೇಲೆ, ಇನ್ನೊಂದು ಅಂಗೈ ಅವರ ತಲೆಯ ಹಿಂದೆ. ನಿಧಾನವಾಗಿ ಬಿಗಿ ಮಾಡಿ. ನೀವು ಯಾರದ್ದಾದರೂ ಗಾರ್ಡ್ ಒಳಗಿದ್ದರೆ ಬೆನ್ನು ನೆಟ್ಟಗಿರಲಿ, ಕೈ ಮ್ಯಾಟ್ ಮೇಲೆ ಊರಬೇಡಿ. ಒಂದು ಕೈ ಒಳಗೆ, ಒಂದು ಕೈ ಹೊರಗೆ ಆಯಿತೋ, ಟ್ರಯಾಂಗಲ್ ಬಿತ್ತು.

ವಾರದ ಲೆಕ್ಕ

ವಾರಕ್ಕೆ ಎರಡು ಕ್ಲಾಸ್ ತಪ್ಪದೆ, ಸಾಧ್ಯವಾದರೆ ಮೂರು. ಮೊದಲ ತಿಂಗಳ ಹುರುಪಿನಲ್ಲಿ ದಿನಾ ಬರುವವರು ಎರಡನೇ ತಿಂಗಳು ಪಕ್ಕೆಲುಬು ನೋವು ಅಂತ ಕಾಣೆಯಾಗುತ್ತಾರೆ. ಊಟ ಆಗಿ ಎರಡು ಮೂರು ಗಂಟೆ ಬಿಟ್ಟು ಬನ್ನಿ. ಹೊಟ್ಟೆ ತುಂಬ ಮುದ್ದೆ ಉಂಡು ಮೌಂಟ್ ಕೆಳಗೆ ಮಲಗುವುದು ಕಷ್ಟ, ಅಲ್ವಾ? ನಲವತ್ತು ದಾಟಿದವರು, ಬಿಪಿ, ಹೃದಯ ಅಥವಾ ಬೆನ್ನಿನ ತೊಂದರೆ ಇರುವವರು ಡಾಕ್ಟರನ್ನು ಕೇಳಿ ಶುರು ಮಾಡಿ. ಕೋಚ್‌ಗೂ ತಿಳಿಸಿ.

ವಿಡಿಯೊ ನೋಡಬೇಡಿ ಅನ್ನುವುದಿಲ್ಲ. ಆ ವಾರ ಕ್ಲಾಸಿನಲ್ಲಿ ಕಲಿತದ್ದರ ಬಗ್ಗೆ ಮಾತ್ರ ನೋಡಿ. ಮನೆಗೆ ಹೋಗಿ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲಿ ಸಿಕ್ಕಿಕೊಂಡಿರಿ ಎಂದು ಎರಡು ಸಾಲು ಬರೆಯಿರಿ. ಮುಂದಿನ ಕ್ಲಾಸಿಗೆ ಕೋಚ್‌ನ್ನು ಕೇಳಲು ಪ್ರಶ್ನೆ ಅಲ್ಲೇ ಸಿಗುತ್ತದೆ.

ಚರ್ಮ, ಉಗುರು, ಕಿವಿ

ಇದನ್ನು ಯಾರೂ ಮೊದಲ ದಿನ ಹೇಳುವುದಿಲ್ಲ, ಹೇಳಲೇಬೇಕು. ಮೈಗೆ ಮೈ ಉಜ್ಜುವ ಆಟ ಇದು. ಹುಳುಕಡ್ಡಿ ಬೇಗ ಹರಡುತ್ತದೆ. ಕ್ಲಾಸ್ ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ. ಒಮ್ಮೆ ಹಾಕಿದ ಬಟ್ಟೆಯನ್ನು ಒಗೆಯದೆ ಇನ್ನೊಮ್ಮೆ ಹಾಕಬೇಡಿ, ಬೆಲ್ಟ್ ಕೂಡ ಒಗೆಯಿರಿ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿ ಕಡೆ, ದಪ್ಪ ಗಿ ಒಂದು ದಿನದಲ್ಲಿ ಒಣಗುವುದಿಲ್ಲ. ಆಗ ಗಿ ಇಲ್ಲದೆ ಆಡುವ ನೋ-ಗಿ ಕ್ಲಾಸ್‌ಗೆ ಹೋಗಿ, ಅಥವಾ ಎರಡನೇ ಗಿ ಇಟ್ಟುಕೊಳ್ಳಿ. ಅರೆ ಒಣಗಿದ್ದನ್ನು ಹಾಕಬೇಡಿ.

ಮೈಮೇಲೆ ದುಂಡಗೆ ಕೆಂಪು ಮಚ್ಚೆ ಕಂಡರೆ ಮ್ಯಾಟ್ ಬಿಟ್ಟು ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ತುರಿಕೆ ಎರಡು ದಿನ ಕಡಿಮೆಯಾಗಿ, ಆಮೇಲೆ ಸೋಂಕು ಇನ್ನಷ್ಟು ಹರಡುತ್ತದೆ. ಡಾಕ್ಟರ್ ಸರಿ ಅನ್ನುವ ತನಕ ಬರಬೇಡಿ, ಕೋಚ್‌ಗೆ ಫೋನ್ ಮಾಡಿ ಹೇಳಿ. ಬಿಸಿಯಾಗಿ, ಊದಿ, ಕೀವು ತುಂಬಿದ ಗುಳ್ಳೆಯಾದರೆ ಅದೇ ದಿನ ತೋರಿಸಿ.

ಕೈಕಾಲಿನ ಉಗುರು ಕತ್ತರಿಸಿರಬೇಕು. ಉಂಗುರ, ಸರ, ಕಿವಿಯೋಲೆ, ಮೂಗುಬೊಟ್ಟು ತೆಗೆದಿಡಿ. ತಾಳಿ ತೆಗೆಯಲು ಮನಸ್ಸಿಲ್ಲದವರು ಕ್ಲಾಸಿಗೆ ಮೊದಲೇ ಕೋಚ್ ಜೊತೆ ಮಾತಾಡಿ, ಸರ ಕುತ್ತಿಗೆಗೆ ಸಿಕ್ಕಿಕೊಂಡರೆ ಅಪಾಯ. ಕಿವಿ ಉಜ್ಜಿ ಊದಿಕೊಂಡು ಮೆತ್ತಗೆ ನೀರು ತುಂಬಿದಂತೆ ಆದರೆ ಒಂದೆರಡು ದಿನದೊಳಗೆ ಇಎನ್‌ಟಿ ಡಾಕ್ಟರ್ ಹತ್ತಿರ ತೆಗೆಸಿ. ಬಿಟ್ಟರೆ ಹಾಗೆಯೇ ಗಟ್ಟಿಯಾಗಿ ಕಿವಿಯ ಆಕಾರ ಬದಲಾಗುತ್ತದೆ.

ಬೆಲ್ಟ್ ಮತ್ತು ಮೊದಲ ಪಂದ್ಯ

ದೊಡ್ಡವರ ಬೆಲ್ಟ್‌ಗಳು ಐದು: ಬಿಳಿ, ನೀಲಿ, ನೇರಳೆ, ಕಂದು, ಕಪ್ಪು. ನೀಲಿಗೆ ಕನಿಷ್ಠ 16 ವರ್ಷ ಆಗಿರಬೇಕು. ವಾರಕ್ಕೆ ಎರಡು ಮೂರು ಸಲ ಬರುವವರಿಗೆ ನೀಲಿ ಬರಲು ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸು ಬೇಕು. ಅದಕ್ಕಿಂತ ಬೇಗ ಕೊಡುತ್ತೇವೆ ಅಂತ ಮೊದಲೇ ಮಾತು ಕೊಡುವ ಜಾಗವನ್ನು ನಂಬಬೇಡಿ.

ಆರು ತಿಂಗಳಾದ ಮೇಲೆ ಒಂದು ಸ್ಥಳೀಯ ಪಂದ್ಯ ಆಡಿ ನೋಡಬಹುದು, ಕಡ್ಡಾಯ ಅಲ್ಲ. ಐಬಿಜೆಜೆಎಫ್ ನಿಯಮದಲ್ಲಿ ಬಿಳಿ ಬೆಲ್ಟ್ ವಯಸ್ಕರ ಪಂದ್ಯ 5 ನಿಮಿಷ. ಹೀಲ್ ಹುಕ್, ಮಣಿಕಟ್ಟು ತಿರುಚುವುದು, ಎತ್ತಿ ಕುಕ್ಕುವುದು ಈ ಹಂತದಲ್ಲಿ ನಿಷಿದ್ಧ. ಸ್ಥಳೀಯ ಪಂದ್ಯಗಳ ನಿಯಮ ಬೇರೆ ಇರಬಹುದು, ಹೆಸರು ಕೊಡುವಾಗಲೇ ಓದಿಕೊಳ್ಳಿ. ಐಬಿಜೆಜೆಎಫ್ ಗಿ ಪಂದ್ಯದಲ್ಲಿ ತೂಕ ನೋಡುವುದು ಮ್ಯಾಟ್‌ಗೆ ಹೋಗುವ ಸ್ವಲ್ಪ ಮುಂಚೆ, ಗಿ ಹಾಕಿಕೊಂಡೇ. ನೀರು ಬಿಟ್ಟು ತೂಕ ಇಳಿಸಿದರೆ ಚೇತರಿಸಿಕೊಳ್ಳಲು ಹೊತ್ತು ಸಿಗುವುದಿಲ್ಲ. ಹಾಗಾಗಿ ಮನೆಯಲ್ಲೇ ಗಿ ಹಾಕಿ, ಬೆಲ್ಟ್ ಕಟ್ಟಿ ತೂಕ ನೋಡಿ, ಅದು ಯಾವ ವರ್ಗಕ್ಕೆ ಬರುತ್ತದೋ ಅದರಲ್ಲೇ ಹೆಸರು ಕೊಡಿ.